ತಾತನ ಉಳಿ, ಬಾಚಿ ಇಡೋಕೆ ಗಾಜಿನ ಬೀರು ಮಾಡೋರಿಗೆ

ನಮ್ ತಾತನ ಮರಗೆಲಸದ ಬಾಚಿ, ನಾಕು ಉಳಿ, ಕೊಡತಿ (ಮರದ ಸುತ್ತಿಗೆ), ಗರಗಸ ಎಲ್ಲ ಅಟ್ಟದಲ್ಲಿ ಗೋಣಿಚೀಲದೊಳಗೆ ಬಿದ್ದಿತ್ತು, ಮಂಡ್ಯದ ಮನೇಲಿ ಈಗ ಅದಕ್ಕೊಂದು ಗೋಡೆ ಬೀರು ಮಾಡ್ದೆ. ಮೊದ್ಲು ಮರ ಕುಯ್ಯಕ್ಕೆ ಹೋಗ್ಬೇಡಿ, ನೆಲದ ಮೇಲೆ ಪೇಪರ್ ಹಾಸಿ ಸಾಮಾನೆಲ್ಲ ಜೋಡಿಸಿ ನೋಡಿ ಆಮೇಲೆ ಅಳತೆ ತಗೊಳಿ. ನಾನು ಅಂದಾಜಲ್ಲಿ 4 ಇಂಚು ಆಳ ಇಟ್ಟೆ, ಕೊಡತಿ ಗಾಜಿಗೆ ತಾಗ್ತು, ಮತ್ತೆ ಬಿಚ್ಚಿ ಕಟ್ಬೇಕಾಯ್ತು.

ಮರಕ್ಕೆ ಹಳೇ ಮನೆ ಕೆಡವಿದಾಗ ಸಿಗೋ ತೇಗದ ಚೌಕಟ್ಟು ಬೆಸ್ಟ್, ಚೆನ್ನಾಗ್ ಒಣಗಿರತ್ತೆ, ಆದ್ರೆ ಒಳಗಡೆ ಮೊಳೆ ಇದ್ಯಾ ನೋಡ್ಕೊಳಿ ಇಲ್ಲಾಂದ್ರೆ ಗರಗಸದ ಹಲ್ಲು ಹೋಗತ್ತೆ. ಓಕ್ ಮರ ಬೇಡ, ಅದರಿಂದ ಬರೋ ಆಸಿಡ್ ಆವಿಗೆ ಕಬ್ಬಿಣ ತುಕ್ಕು ಹಿಡಿಯತ್ತೆ. ಪಾಲಿಶ್ ಆದ್ಮೇಲೂ ವಾಸನೆ ಪೂರ್ತಿ ಹೋಗೋವರ್ಗೂ ಬಾಗಿಲು ತೆಗ್ದಿಡಿ, ಆಮೇಲೆ ಸಾಮಾನಿಡಿ. ಮಳೆಗಾಲದಲ್ಲಿ ತೇವ ಹಿಡಿಯೋ ಗೋಡೆಗಂತೂ ಹಾಕ್ಲೇಬೇಡಿ, ಹಿಂದೆ ಅರ್ಧ ಇಂಚು ಪಟ್ಟಿ ಕೊಟ್ಟು ಗಾಳಿ ಆಡೋ ಹಾಗೆ ಮಾಡಿ.

ಸಾಮಾನನ್ನ ಸ್ಕ್ರೂ ಹಾಕಿ ಬಿಗೀಬೇಡಿ, ಮರದ ಗೂಟ ಕೊಟ್ಟು ನೇತಾಕಿ. ಆಯುಧಪೂಜೆಗೆ ಈಚೆ ತೆಗೀಬೇಕಲ್ಲ! ಪೂಜೆ ಆದ್ಮೇಲೆ ಒದ್ದೆ ಅರಿಶಿನ ಕುಂಕುಮ ಹಾಗೇ ಬಿಟ್ರೆ ಅಲ್ಲೇ ತುಕ್ಕು ಶುರು, ಒಣ ಬಟ್ಟೇಲಿ ಒರೆಸಿ ಕಬ್ಬಿಣಕ್ಕೆ ಹೊಲಿಗೆ ಮೆಷಿನ್ ಎಣ್ಣೆ ತೆಳ್ಳಗೆ ಸವರಿ ಇಡಿ. ಹಿಡಿ ಮಾತ್ರ ಮರಳು ಕಾಗದದಲ್ಲಿ ಉಜ್ಬೇಡಿ ದಯವಿಟ್ಟು, ತಾತನ ಕೈ ಸವೆದಿರೋ ಗುರುತು ಹೋಗ್ಬಿಡತ್ತೆ.