ಮಳೆ ಹಿಡಿಯುವ ಮುಂಚೆ ಊರಿನ ತಂಡಕ್ಕೆ ಕಟ್ಟಳೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ರಸ್ತೆಗಳೇ ಕಡಿದುಹೋಗಿದ್ದವು. ಅಂಥ ಹೊತ್ತಿನಲ್ಲಿ ಮೊದಲು ಓಡಿಬರುವವರು ಪಕ್ಕದ ಮನೆಯವರು. ಹತ್ತು ಜನ ಬರುತ್ತಾರೆ, ಹತ್ತೂ ಜನ ಒಂದೊಂದು ಹೇಳುತ್ತಾರೆ, ಅಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಆ ಅರ್ಧ ಗಂಟೆ ಉಳಿಸಬೇಕಾದರೆ ಮೇ ತಿಂಗಳಲ್ಲೇ ಕೂತು ಮಾತಾಡಿಕೊಳ್ಳಬೇಕು.

ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಆಶಾ ಕಾರ್ಯಕರ್ತೆ, ಲೈನ್‌ಮನ್, ಜೀಪು ಮತ್ತು ಜೆಸಿಬಿ ಇರುವವರು, ಎಲ್ಲರನ್ನೂ ಕರೆಯಿರಿ. ಗುಡ್ಡದ ಬುಡದಲ್ಲಿ ಮನೆ ಇರುವವರನ್ನು ಮರೆಯಲೇಬೇಡಿ.

ಮೊದಲು ತೀರ್ಮಾನ ಯಾರದ್ದೆಂದು ಗೊತ್ತುಮಾಡಿ. 1970ರಲ್ಲಿ ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚು 13 ದಿನಗಳಲ್ಲಿ 16 ಜನರನ್ನು ಬಲಿ ತೆಗೆದುಕೊಂಡಿತು. ಬೆಂಕಿ ಆರಿಸಲು ಬಂದ ಇಲಾಖೆಗಳು ಬಳಸುತ್ತಿದ್ದ ಸಂಕೇತ ಪದಗಳೇ ಬೇರೆ ಬೇರೆ, ಅಪ್ಪಣೆ ಕೊಡುವವರೂ ಬೇರೆ ಬೇರೆ. ಆ ಪಾಠದಿಂದ ಹುಟ್ಟಿದ ಪದ್ಧತಿಯನ್ನು ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಭಾರತಕ್ಕೆ ಹೊಂದಿಸಿ ಮಾರ್ಗಸೂಚಿ ಹೊರಡಿಸಿತು. ಅದರ ತಿರುಳು ಊರಿಗೂ ಒಪ್ಪುತ್ತದೆ: ಒಬ್ಬ ಕೆಲಸಗಾರನಿಗೆ ಒಬ್ಬನೇ ಹೇಳುವವನು, ಒಬ್ಬನ ಕೈಕೆಳಗೆ ಐದಾರು ಜನ, ಹೆಚ್ಚೆಂದರೆ ಏಳು. ಮುಖ್ಯಸ್ಥರು ಫೋನಿಗೆ ಸಿಗದಿದ್ದರೆ ಎರಡನೆಯವರು ಯಾರು, ಅವರೂ ಸಿಗದಿದ್ದರೆ ಮೂರನೆಯವರು ಯಾರು, ಹೆಸರು ಬರೆಯಿರಿ. ಊರಿನ ಹಿರಿಯರೆಂಬ ಸಂಕೋಚಕ್ಕೆ ಯಾರನ್ನೂ ಮುಖ್ಯಸ್ಥರನ್ನಾಗಿ ಮಾಡಬೇಡಿ. ರಾತ್ರಿ ಎರಡು ಗಂಟೆಗೆ ಎದ್ದು ಬರುವವರು ಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಮನೆ ಬಿಡಿಸುವ ಕಟ್ಟಳೆ. ಅಂಗಳದಲ್ಲಿ ಹೊಸ ಬಿರುಕು, ವಾಲಿದ ಕರೆಂಟ್ ಕಂಬ, ತಿಳಿಯಾಗಿದ್ದ ಒರತೆ ಏಕಾಏಕಿ ಕೆಸರಾಗುವುದು ಅಥವಾ ನಿಂತೇಹೋಗುವುದು: ಇವುಗಳಲ್ಲಿ ಒಂದು ಕಂಡರೂ ತಂಡದ ಯಾರು ಬೇಕಾದರೂ ‘ಹೊರಡಿ’ ಎನ್ನಬಹುದು. ಆಗ ವಾದ ಬೇಡ, ವಾದವೆಲ್ಲ ಕಾಳಜಿ ಕೇಂದ್ರ, ಅಂದರೆ ಮನೆ ಬಿಟ್ಟವರು ತಂಗುವ ಶಾಲೆ, ತಲುಪಿದ ಮೇಲೆ. ದನಕರು ಬಿಟ್ಟು ಬರಲು ಒಪ್ಪದವರಿರುತ್ತಾರೆ, ಅವರ ಸಂಕಟ ಸಣ್ಣದಲ್ಲ. ಹಗ್ಗ ಬಿಚ್ಚಿ ಬಿಡುವವರು ಯಾರು ಎಂದು ಮೊದಲೇ ಗೊತ್ತಾಗಿದ್ದರೆ ಅವರ ಕಾಲು ಮುಂದೆ ಬರುತ್ತದೆ.

ಸುದ್ದಿ ಹೇಳುವುದಕ್ಕೂ ರೀತಿ ಇರಲಿ. ಕಣ್ಣಾರೆ ಕಂಡದ್ದು, ಜಾಗ, ಗಂಟೆ, ಎಷ್ಟು ಜನ, ಇಷ್ಟೇ. ‘ಮೇಲಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಜಾರಿತು’ ಎಂದರೆ ಸಾಲದು. ಒಂದೇ ಊರಿನಲ್ಲಿ ಮೂರು ಮೇಲಿನ ಬರೆ ಇರಬಹುದು. ಹತ್ತಿರದ ಮನೆಯ ಹೆಸರು, ಮೋರಿ ಅಥವಾ ತಿರುವು ಹೇಳಬೇಕು. ತಂಡದ ವಾಟ್ಸ್ಆ್ಯಪ್ ಗುಂಪಿಗೆ ಫಾರ್ವರ್ಡ್ ಸಂದೇಶ ಬರಕೂಡದು.

ಯಾರೂ ಒಂಟಿಯಾಗಿ ಹೋಗಬಾರದು. ಆಗತಾನೇ ಕುಸಿದ ಜಾಗದ ಕೆಳಗೆ ನಿಲ್ಲಬಾರದು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಜಾರಿದ್ದು ಒಂದೇ ಸಲವಲ್ಲ.

ಒಪ್ಪಿದ್ದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ಗಟ್ಟಿಯಾಗಿ ಓದಿಸಿ, ಸಹಿ ಹಾಕಿಸಿ. ಜಿಲ್ಲಾಡಳಿತದ 1077, ತುರ್ತಿಗೆ 112, ಆ್ಯಂಬುಲೆನ್ಸ್‌ಗೆ 108 ಅದರ ತಲೆಯ ಮೇಲಿರಲಿ. ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಯ ಗೋಡೆಗೆ ಪ್ಲಾಸ್ಟಿಕ್ ಹೊದಿಸಿ ಅಂಟಿಸಿ.

ಬಳಿಕ ಒಂದು ರಾತ್ರಿ ಎಲ್ಲರೂ ಮೊಬೈಲ್ ಆಫ್ ಮಾಡಿ, ಟಾರ್ಚ್ ಹಿಡಿದು ಶಾಲೆಯವರೆಗೆ ನಡೆದು ನೋಡಿ. ಶಾಲೆಯ ಬೀಗದ ಕೈ ಯಾರ ಮನೆಯಲ್ಲಿದೆ ಎಂಬುದು ಆಗಲೇ ಗೊತ್ತಾಗುವುದು. ಆ ಹೆಸರನ್ನೂ ಹಾಳೆಗೆ ಸೇರಿಸಿ.