ಒಂದೇ ಗಿಟಾರ್, ಎರಡು ಕೆಲಸ: ಲೂಪ್ ಮೇಲೆ ಬ್ಲೂಗ್ರಾಸ್ ನುಡಿಸುವ ಕ್ರಮ

ಬಳ್ಳಾರಿಯಲ್ಲಿ ಗಿಟಾರ್ ಹಿಡಿದವರಿಗೆ ಕೊರತೆಯಿಲ್ಲ. ಕೊರತೆಯಿರುವುದು ಪಕ್ಕದಲ್ಲಿ ಕುಳಿತು, ತಾಳ ತಪ್ಪದೆ, ಬೇಸರವಿಲ್ಲದೆ ಅರ್ಧ ಗಂಟೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ಕೊಡುವ ಎರಡನೆಯ ವಾದಕನಿಗೆ. ಆ ಕೊರತೆಯನ್ನು ತುಂಬಲು ಅನೇಕರು ಕಾಲಿನಿಂದ ಒತ್ತುವ ಲೂಪ್ ಪೆಡಲ್ ಕೊಳ್ಳುತ್ತಾರೆ. ತಾವೇ ನುಡಿಸಿದ ಕಾರ್ಡ್‌ಗಳನ್ನು ಅದು ಮುದ್ರಿಸಿಕೊಂಡು ಮತ್ತೆ ಮತ್ತೆ ಕೇಳಿಸುತ್ತದೆ, ಅದರ ಮೇಲೆ ತಾವು ರಾಗವನ್ನು, ಅಂದರೆ ಹಾಡಿನ ಧಾಟಿಯನ್ನು, ನುಡಿಸಬಹುದು. ಹೀಗೆ ಕೊಂಡವರಲ್ಲಿ ಹೆಚ್ಚಿನವರು ತಿಂಗಳೊಳಗೆ ಪೆಡಲನ್ನು ಡಬ್ಬಿಗೆ ಸೇರಿಸಿದ್ದನ್ನು ನಾನು ಕಂಡಿದ್ದೇನೆ. ಅವರ ಬೆರಳುಗಳಲ್ಲಿ ದೋಷವಿರಲಿಲ್ಲ. ಲೂಪನ್ನು ಮುಚ್ಚುವ, ಅಂದರೆ ಮುದ್ರಣ ಮುಗಿಸಲು ಪೆಡಲನ್ನು ಮತ್ತೆ ಒತ್ತುವ, ಒಂದು ಕ್ಷಣದಲ್ಲಿ ಎಲ್ಲರೂ ಒಂದೇ ರೀತಿ ಎಡವಿದ್ದರು. ಆದ್ದರಿಂದ ಈ ಲೇಖನದ ಹೆಚ್ಚು ಭಾಗ ಆ ಕ್ಷಣಕ್ಕೇ ಮೀಸಲು.

ಬ್ಲೂಗ್ರಾಸ್ ಅಮೆರಿಕದ ಸಂಗೀತ. ಕೆಂಟಕಿಯ ಮ್ಯಾಂಡೋಲಿನ್ ವಾದಕ ಬಿಲ್ ಮನ್ರೋ 1939ರಲ್ಲಿ ತನ್ನ ‘ಬ್ಲೂ ಗ್ರಾಸ್ ಬಾಯ್ಸ್’ ತಂಡದೊಂದಿಗೆ ನ್ಯಾಶ್‌ವಿಲ್‌ನ ರೇಡಿಯೊ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯನ್ನು ಸೇರಿದ. 1945ರಲ್ಲಿ ಗಿಟಾರಿನ ಲೆಸ್ಟರ್ ಫ್ಲ್ಯಾಟ್ ಮತ್ತು ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ ಆ ತಂಡದಲ್ಲಿ ಸೇರಿಕೊಂಡಾಗ ಈ ಶೈಲಿಗೆ ಅದರ ಪೂರ್ಣ ರೂಪ ಬಂದಿತು. ನಮಗೆ ಮುಖ್ಯವಾದ ಸಂಗತಿಯೆಂದರೆ, ಈ ಸಂಪ್ರದಾಯದ ತಂಡದಲ್ಲಿ ಡ್ರಮ್ ಇರುವುದಿಲ್ಲ. ನಾಲ್ಕು ಮಾತ್ರೆಗಳ ‘ಬಾರು’ ಎಂಬ ತಾಳದ ಘಟಕದಲ್ಲಿ ಒಂದು ಮತ್ತು ಮೂರನೆಯ ಮಾತ್ರೆಗಳನ್ನು ದೊಡ್ಡ ಬೇಸ್ ವಾದ್ಯ ಹೊರುತ್ತದೆ, ಎರಡು ಮತ್ತು ನಾಲ್ಕನ್ನು ಮ್ಯಾಂಡೋಲಿನ್ ಕತ್ತರಿಸಿದಂತೆ ಹೊಡೆಯುತ್ತದೆ. ಇವೆರಡನ್ನೂ ನಿಮ್ಮ ಲೂಪ್ ಒಂದೇ ಗಿಟಾರಿನಲ್ಲಿ ಮಾಡಬೇಕು. ಗಿಟಾರಿನಲ್ಲಿ ಪಿಟೀಲಿನ ಧಾಟಿಗಳನ್ನು ನುಡಿಸುವ ರೂಢಿ ಬೆಳೆದುದೂ ಜೊತೆಗಾರರ ಕೊರತೆಯಿಂದಲೇ ಎನ್ನಬಹುದು: ಉತ್ತರ ಕೆರೊಲಿನಾದ ಡಾಕ್ ವಾಟ್ಸನ್ 1950ರ ದಶಕದಲ್ಲಿ ದುಡಿಯುತ್ತಿದ್ದ ನೃತ್ಯದ ತಂಡದಲ್ಲಿ ಪಿಟೀಲು ವಾದಕನೇ ಇರಲಿಲ್ಲ, ಆ ಧಾಟಿಗಳನ್ನು ಅವನೇ ಗಿಟಾರಿಗೆ ತಂದುಕೊಂಡ.

ಮೊದಲು ಸಲಕರಣೆ

ಅಕೌಸ್ಟಿಕ್ ಗಿಟಾರಿಗೆ ಪಿಕಪ್ (ನಾದವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಇದ್ದರೆ ಸಾಕು. ಇಲ್ಲವಾದರೆ ನಾದರಂಧ್ರಕ್ಕೆ ಸಿಕ್ಕಿಸುವ ಪಿಕಪ್ಪನ್ನು ತರಿಸಿಕೊಳ್ಳಿ. ತಂತಿ 12ರ ಗೇಜಿನ (ದಪ್ಪದ ಅಳತೆ) ಫಾಸ್ಫರ್ ಬ್ರಾಂಜ್ ಇರಲಿ. ತಂತಿ ಮೀಟುವ ಪಿಕ್ ದಪ್ಪವಾಗಿರಲೇಬೇಕು, 1 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ಹಳೆಯ ಎಟಿಎಂ ಕಾರ್ಡನ್ನು ಕತ್ತರಿಸಿ ಪಿಕ್ ಮಾಡಿಕೊಳ್ಳುವ ಉಪಾಯವನ್ನು ಹುಡುಗರು ಹೆಮ್ಮೆಯಿಂದ ತೋರಿಸುತ್ತಾರೆ. ಅದರ ದಪ್ಪ ಮುಕ್ಕಾಲು ಮಿಲಿಮೀಟರ್, ವೇಗ ಹೆಚ್ಚಿದಾಗ ಬಾಗುತ್ತದೆ, ಬಾಗಿದ ಪಿಕ್ ತಂತಿಯನ್ನು ತಡವಾಗಿ ಬಿಡುತ್ತದೆ.

ಪೆಡಲಿನ ವಿಷಯದಲ್ಲಿ ಒಂದೇ ಗುಂಡಿಯ ಸರಳ ಪೆಡಲ್ ಸಾಕು. ಹತ್ತು ಗುಂಡಿಗಳಿರುವುದನ್ನು ಕೊಂಡವರು ಕೈಪಿಡಿ ಓದುವುದರಲ್ಲೇ ಮಳೆಗಾಲ ಕಳೆಯುತ್ತಾರೆ. ಇಂಥ ಪೆಡಲ್‌ಗಳಿಗೆ ಸಾಮಾನ್ಯವಾಗಿ 9 ವೋಲ್ಟಿನ, ಮಧ್ಯದ ಕಡ್ಡಿ ಋಣವಾಗಿರುವ ಅಡಾಪ್ಟರ್ ಬೇಕು. ಪಿನ್ ಹೊಂದಿತೆಂಬ ಒಂದೇ ಕಾರಣಕ್ಕೆ ನಾನು ಒಮ್ಮೆ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟಿನ ಅಡಾಪ್ಟರನ್ನು ಚುಚ್ಚಿದೆ. ಸುಟ್ಟ ವಾಸನೆ ಬಂದ ಮೇಲೆಯೇ ಅದರ ಮೇಲಿನ ಅಕ್ಷರಗಳನ್ನು ಓದಿದ್ದು.

ಕಡಪ ಕಲ್ಲಿನ ನೆಲದ ಮೇಲೆ ಹಗುರವಾದ ಪೆಡಲ್ ಜಾರುತ್ತದೆ. ನಮ್ಮ ಊರಿನ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಉಳಿಯುವ ದಪ್ಪ ಡೆನಿಮ್ ತುಂಡನ್ನು ಎರಡು ಮಡಿಕೆ ಮಾಡಿ ಅಡಿಗೆ ಹಾಸಿದರೆ ಅದು ಕದಲುವುದಿಲ್ಲ. ಇದಕ್ಕಾಗಿ ಮಾರುವ ದುಬಾರಿ ರಬ್ಬರ್ ಹಾಸನ್ನು ಕೊಳ್ಳುವ ಅಗತ್ಯವಿಲ್ಲ.

ಪೆಡಲ್ ಕೊಳ್ಳಲಾಗದವರು ಮೊಬೈಲಿನಲ್ಲಿಯೂ ಇದನ್ನು ಮಾಡಬಹುದು, ಆದರೆ ಬ್ಲೂಟೂತ್ ಸ್ಪೀಕರನ್ನು ಮಾತ್ರ ಬಳಸಬಾರದು. ಬ್ಲೂಟೂತಿನಲ್ಲಿ ಧ್ವನಿ ತಡವಾಗಿ ಹೊರಬರುತ್ತದೆ, ನೀವು ಆ ತಡವಾದ ಧ್ವನಿಗೆ ಹೊಂದಿಕೊಂಡು ನುಡಿಸುತ್ತೀರಿ, ಲೂಪಿನ ಮೇಲೆ ಇನ್ನೊಂದು ಪದರವನ್ನು ಮುದ್ರಿಸಿದಾಗ ಅದು ಅಷ್ಟೇ ಹಿಂದೆ ಬಿದ್ದಿರುತ್ತದೆ. ತಂತಿಯಿರುವ ಹೆಡ್‌ಫೋನ್ ಬಳಸಿ.

ಕಾರ್ಡ್‌ಗಳ ನಡಿಗೆ

ಜಿ, ಸಿ, ಡಿ ಎಂಬ ಮೂರು ಕಾರ್ಡ್‌ಗಳಿಂದ ಆರಂಭಿಸಿ. ಮೊದಲ ಮಾತ್ರೆಗೆ ಒಂದು ಮಂದ್ರದ ತಂತಿ, ಎರಡನೆಯದಕ್ಕೆ ತೆಳುವಾದ ಮೂರು ತಂತಿಗಳ ಮೇಲೆ ಚಿಕ್ಕ ಹೊಡೆತ, ಮೂರನೆಯದಕ್ಕೆ ಮತ್ತೊಂದು ಮಂದ್ರದ ತಂತಿ, ನಾಲ್ಕನೆಯದಕ್ಕೆ ಮತ್ತೆ ಹೊಡೆತ. ತಂತಿಗಳನ್ನು ತೆಳುವಾದದ್ದರಿಂದ ಎಣಿಸಿ. ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ, ತೆರೆದ ತಂತಿಯೆಂದರೆ ಎಡಗೈ ಒತ್ತದ ತಂತಿ. ಜಿ ಕಾರ್ಡಿನಲ್ಲಿ ಮೊದಲು 6ನೆಯ ತಂತಿಯ 3ನೆಯ ಫ್ರೆಟ್, ಬಳಿಕ ತೆರೆದ 4ನೆಯ ತಂತಿ. ಸಿ ಕಾರ್ಡಿನಲ್ಲಿ 5ನೆಯ ತಂತಿಯ 3ನೆಯ ಫ್ರೆಟ್, ಬಳಿಕ 4ನೆಯ ತಂತಿಯ 2ನೆಯ ಫ್ರೆಟ್. ಡಿ ಕಾರ್ಡಿನಲ್ಲಿ ತೆರೆದ 4ನೆಯ ತಂತಿ, ಬಳಿಕ ತೆರೆದ 5ನೆಯ ತಂತಿ. ಪಿಕ್ ಎಲ್ಲ ಮಾತ್ರೆಗಳಲ್ಲೂ ಕೆಳಮುಖವಾಗಿಯೇ ಚಲಿಸಲಿ. ಹೊಡೆತವಾದ ಕೂಡಲೇ ಎಡಗೈಯ ಒತ್ತಡವನ್ನು ಸಡಿಲಿಸಿ, ಹತ್ತಿರವಿರುವ ಬೆರಳುಗಳಿಂದ ತೆರೆದ ತಂತಿಗಳನ್ನೂ ತಡೆದು ನಾದವನ್ನು ನಿಲ್ಲಿಸಿ. ಆರೂ ತಂತಿಗಳನ್ನು ಒಟ್ಟಿಗೆ ಗುಡಿಸುವವರ ಲೂಪ್ ದಟ್ಟವಾಗಿ ತುಂಬಿಕೊಳ್ಳುತ್ತದೆ, ಆಮೇಲೆ ರಾಗಕ್ಕೆ ಅದರಲ್ಲಿ ಜಾಗವೇ ಉಳಿಯುವುದಿಲ್ಲ.

ಸಮಾನ ಅಂತರದಲ್ಲಿ ಸದ್ದು ಮಾಡುವ ಮೆಟ್ರೊನೋಮನ್ನು ನಿಮಿಷಕ್ಕೆ 40ಕ್ಕೆ ಇಟ್ಟು, ಅದರ ಸದ್ದು ಎರಡು ಮತ್ತು ನಾಲ್ಕನೆಯ ಮಾತ್ರೆಗಳ ಮೇಲೆ ಬೀಳುವಂತೆ ನುಡಿಸಿ. ಆಗ ನಿಮ್ಮ ನಡಿಗೆ ನಿಮಿಷಕ್ಕೆ 80 ಮಾತ್ರೆಗಳಾಗುತ್ತದೆ. ನುರಿತವರು 200ನ್ನು ದಾಟುತ್ತಾರೆಂದು ಕೇಳಿ ಮೊದಲ ದಿನವೇ 120ಕ್ಕೆ ಏರಬೇಡಿ. ಮೊಬೈಲಿನ ತಬಲಾ ಆ್ಯಪ್ ಇದಕ್ಕೆ ಬೇಡ: ಕೇರವಾ ತಾಳದ ಎಂಟು ಮಾತ್ರೆಗಳು ಲೆಕ್ಕಕ್ಕೆ ಹೊಂದುತ್ತವೆ ನಿಜ, ಆದರೆ ಅದರ ಒತ್ತು ಬೇರೆ ಕಡೆ ಬೀಳುತ್ತದೆ.

ಲೂಪನ್ನು ಮುಚ್ಚುವುದು

ಎಂಟು ಬಾರುಗಳ ಒಂದು ಭಾಗವನ್ನು ಮುದ್ರಿಸುತ್ತೀರಿ ಎಂದುಕೊಳ್ಳೋಣ. ಅದರಲ್ಲಿ 32 ಮಾತ್ರೆಗಳಿವೆ. ನಿಮಿಷಕ್ಕೆ 80ರ ವೇಗದಲ್ಲಿ ಒಂದು ಮಾತ್ರೆಗೆ ಮುಕ್ಕಾಲು ಸೆಕೆಂಡ್, ಒಟ್ಟು 24 ಸೆಕೆಂಡ್. ಹೊಸಬರು 32ನೆಯ ಮಾತ್ರೆಯ ಹೊಡೆತವನ್ನು ಹೊಡೆದು, ಕೆಲಸ ಮುಗಿಯಿತೆಂದು ಆ ಕ್ಷಣವೇ ಕಾಲೊತ್ತುತ್ತಾರೆ. ಆದರೆ ಆ ಮಾತ್ರೆ ಅಲ್ಲಿ ಹುಟ್ಟಿತಷ್ಟೆ, ಅದರ ಮುಕ್ಕಾಲು ಸೆಕೆಂಡಿನ ಬಾಳು ಇನ್ನೂ ಬಾಕಿಯಿದೆ. ಆದ್ದರಿಂದ ಲೂಪ್ 31 ಮಾತ್ರೆಗಳಷ್ಟಾಗಿ, ಪ್ರತಿ ಸುತ್ತಿನಲ್ಲೂ ಮುಂದಿನ ಮಂದ್ರದ ಸ್ವರ ಹೊಡೆತದ ಮೇಲೆಯೇ ಬಂದು ಬೀಳುತ್ತದೆ. ಇದನ್ನು ಒಮ್ಮೆ ಅನುಭವಿಸಿದವರು ಮುಂದಿನ ಸಲ ಹೆದರಿ ತಡಮಾಡುತ್ತಾರೆ. ಆಗ ಸುತ್ತಿನ ಕೊನೆಯಲ್ಲಿ ಕುಂಟುವ ಎತ್ತಿನ ಹೆಜ್ಜೆಯಂಥ ಒಂದು ತೆರಪು ಉಳಿಯುತ್ತದೆ.

ಭಜನೆಯಲ್ಲಿ ತಾಳ ಹಾಕಿ ಬೆಳೆದವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಆವರ್ತನ ಮುಗಿಯುವುದು ಕೊನೆಯ ಮಾತ್ರೆಯಲ್ಲಲ್ಲ, ಮುಂದಿನ ಸಮದಲ್ಲಿ, ಅಂದರೆ ಮುಂದಿನ ಸುತ್ತಿನ ಮೊದಲ ಮಾತ್ರೆಯಲ್ಲಿ. ಮೂರು ಸಲ ಮರುಕಳಿಸುವ ತಿಹಾಯಿ ಬಂದು ಇಳಿಯುವುದು ಸಮದ ಮೇಲೆ ಹೇಗೋ, ನಿಮ್ಮ ಕಾಲು ಇಳಿಯಬೇಕಾದುದೂ 33ನೆಯ ಮಾತ್ರೆಯಾಗಿ ಬರುವ ಮುಂದಿನ ಸಮದ ಮೇಲೆ ಹಾಗೆಯೇ.

ಇದನ್ನು ಕೈಗೂಡಿಸಿಕೊಳ್ಳಲು ನಾನು ಹೇಳಿಕೊಡುವ ಕ್ರಮ ಹೀಗಿದೆ. ಮೊದಲು ಗಿಟಾರನ್ನು ಬದಿಗಿಟ್ಟು, ಬಾಯಲ್ಲಿ ಮಾತ್ರೆ ಎಣಿಸುತ್ತಾ, ಕೈಯಿಂದ ತಾಳ ಹಾಕುತ್ತಾ, ಸಮಕ್ಕೆ ಮಾತ್ರ ಪೆಡಲನ್ನು ಒತ್ತಿ. ಮನೆಯಲ್ಲಿ ಬರಿಗಾಲೇ ಒಳ್ಳೆಯದು, ಚಪ್ಪಲಿಯಲ್ಲಿ ಗುಂಡಿಯ ಸ್ಪರ್ಶ ತಿಳಿಯುವುದಿಲ್ಲ. ಹಿಮ್ಮಡಿ ನೆಲದ ಮೇಲೆ ಊರಿರಲಿ, 29ನೆಯ ಮಾತ್ರೆಯಿಂದಲೇ ಮುಂಗಾಲು ಗುಂಡಿಯ ಮೇಲೆ ಕಾದಿರಲಿ. ಇಡೀ ಕಾಲನ್ನು ಎತ್ತಿ ಇಳಿಸುವವರು ಯಾವಾಗಲೂ ತಡವಾಗುತ್ತಾರೆ, ಏಕೆಂದರೆ ತೊಡೆ ಭಾರವಾದುದು, ಬೆರಳಿನಂತೆ ಕೂಡಲೇ ಏಳುವುದಿಲ್ಲ.

ಇದು ಸರಿಬಂದ ಮೇಲೆ ಗಿಟಾರನ್ನು ತೆಗೆದುಕೊಂಡು ಇಡೀ ಭಾಗವನ್ನು ಒಂದು ಸುತ್ತು ಮುದ್ರಿಸದೆಯೇ ನುಡಿಸಿ. ನಿಲ್ಲಿಸದೆ ಎರಡನೆಯ ಸುತ್ತಿಗೆ ಕಾಲಿಡುವಾಗ, ಮೊದಲ ಮಂದ್ರದ ಸ್ವರದ ಜೊತೆಗೇ ಪೆಡಲನ್ನು ಒತ್ತಿ ಮುದ್ರಣ ಆರಂಭಿಸಿ. ಹೀಗೆ ಮಾಡುವುದರಿಂದ ವೇಗ ಮೊದಲೇ ನೆಲೆಗೊಂಡಿರುತ್ತದೆ, ಹಿಂದಿನ ಹೊಡೆತದ ಅಳಿದುಳಿದ ನಾದವೂ ಲೂಪಿನ ಆರಂಭದಲ್ಲಿ ಸೇರಿಕೊಂಡು ಬೆಸುಗೆ ಕಾಣದಂತಾಗುತ್ತದೆ. ಎರಡನೆಯ ಸುತ್ತು ಮುಗಿದಾಗಲೂ ಕೈ ನಿಲ್ಲಬಾರದು: ಮೂರನೆಯ ಸುತ್ತಿನ ಮೊದಲ ಸ್ವರವನ್ನು ನುಡಿಸುತ್ತಲೇ, ಅದೇ ಸ್ವರದ ಮೇಲೆ ಕಾಲೊತ್ತಿ, ಇನ್ನೆರಡು ಬಾರುಗಳನ್ನು ಮುಂದುವರಿಸಿ ಆಮೇಲೆ ನಿಲ್ಲಿಸಿ. ಕೈ ನಿಂತ ಕ್ಷಣ ಕಾಲು ಹೆದರುತ್ತದೆ. ಕೈ ನಡೆಯುತ್ತಿದ್ದರೆ ಕಾಲು ಅದರ ಹಿಂದೆ ಸುಮ್ಮನೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವು ಪೆಡಲ್‌ಗಳು ಎರಡನೆಯ ಸಲ ಒತ್ತಿದಾಗ ಮುದ್ರಿಸಿದ್ದನ್ನು ಮರಳಿ ಕೇಳಿಸತೊಡಗುತ್ತವೆ. ಕೆಲವು ಇನ್ನೊಂದು ಪದರವನ್ನು ಮುದ್ರಿಸಲು ತೊಡಗುತ್ತವೆ. ನಿಮ್ಮದು ಎರಡನೆಯ ಜಾತಿಯದಾದರೆ, ಮುಂದುವರಿಸಿದ ಆ ಎರಡು ಬಾರುಗಳೂ ಲೂಪಿನ ಮೇಲೆ ಅಚ್ಚಾಗಿ, ಆರಂಭದ ಕಾರ್ಡ್‌ಗಳು ಇಮ್ಮಡಿ ಸದ್ದು ಮಾಡುತ್ತವೆ. ಕೈಪಿಡಿಯಲ್ಲಿ ಈ ಕ್ರಮವನ್ನು ಬದಲಿಸುವ ವಿಧಾನವಿದ್ದರೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಸಮದ ಸ್ವರಕ್ಕೆ ಪಿಕ್ಕನ್ನು ತಂತಿಗೆ ತಾಗಿಸದೆ ಗಾಳಿಯಲ್ಲೇ ಬೀಸಿ ಕಾಲೊತ್ತಿ.

ಮುಚ್ಚಿದ ಲೂಪನ್ನು ಕನಿಷ್ಠ ಐದು ಸುತ್ತು ಕೈಕಟ್ಟಿ ಕುಳಿತು ಕೇಳಿ. ಸುತ್ತು ಎಲ್ಲಿ ತಿರುಗಿತೆಂದು ಗೊತ್ತಾಗುತ್ತಿದ್ದರೆ ಅಳಿಸಿಬಿಡಿ. ‘ಪರವಾಗಿಲ್ಲ, ನಡೆಯುತ್ತದೆ’ ಎಂಬ ಮಾತಿಗೆ ಇಲ್ಲಿ ಅವಕಾಶವಿಲ್ಲ, ಏಕೆಂದರೆ ಆ ಚಿಕ್ಕ ದೋಷವನ್ನು ನೀವು ಒಂದು ಗಂಟೆಯಲ್ಲಿ ನೂರಕ್ಕೂ ಹೆಚ್ಚು ಸಲ ಕೇಳಲಿದ್ದೀರಿ, ಕೈ ಅದನ್ನೇ ಸರಿಯೆಂದು ಕಲಿತುಬಿಡುತ್ತದೆ. ಇದೇ ಕಾರಣಕ್ಕೆ ಯೂಟ್ಯೂಬಿನಲ್ಲಿ ಸಿಗುವ ಸಿದ್ಧ ಪಕ್ಕವಾದ್ಯದ ಧ್ವನಿಮುದ್ರಿಕೆಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಬೇರೆಯವರ ಕಾರ್ಡ್‌ಗಳ ಮೇಲೆ ತೇಲುವವನಿಗೆ ತನ್ನ ತಾಳದ ದೋಷ ಎಂದೂ ಕೇಳಿಸುವುದಿಲ್ಲ.

ರಾಗವನ್ನು ಕೂರಿಸುವುದು

ಪಿಟೀಲಿನ ಧಾಟಿಗಳಲ್ಲಿ ಸಾಮಾನ್ಯವಾಗಿ ಎಂಟೆಂಟು ಬಾರುಗಳ ಎರಡು ಭಾಗಗಳಿದ್ದು, ಒಂದೊಂದನ್ನೂ ಎರಡು ಸಲ ನುಡಿಸುತ್ತಾರೆ. ಮೊದಲಿಗೆ ‘ಓಲ್ಡ್ ಜೋ ಕ್ಲಾರ್ಕ್’ ಎಂಬ ಸಾಂಪ್ರದಾಯಿಕ ಧಾಟಿಯನ್ನು ಆರಿಸಿಕೊಳ್ಳಿ. ಅದರಲ್ಲಿ ಕೋಮಲ ನಿಷಾದವಿರುವುದರಿಂದ, ಖಮಾಜ್ ಥಾಟಿನ ಸ್ವರಗಳನ್ನು ಕೇಳಿ ಬೆಳೆದ ನಮ್ಮ ಭಾಗದ ಕಿವಿಗೆ ಅದು ಬೇಗ ಒಗ್ಗುತ್ತದೆ. ಪಿಟೀಲಿನವರು ಇದನ್ನು ಎ ಶ್ರುತಿಯಲ್ಲಿ ನುಡಿಸುವುದರಿಂದ ಕೇಪೊವನ್ನು (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಹಿಡಿಕೆ) 2ನೆಯ ಫ್ರೆಟ್ಟಿಗೆ ಹಾಕಿ ಜಿಯ ಬೆರಳುಗಳನ್ನೇ ಬಳಸಿ, ಲೂಪಿಗೂ ರಾಗಕ್ಕೂ ಅದೇ ಜಾಗದಲ್ಲಿ. ಹೆಚ್ಚಾಗಿ ನುಡಿಸುವ ರೂಪದಲ್ಲಿ ಮೊದಲ ಭಾಗದ ನಾಲ್ಕನೆಯ ಬಾರಿನಲ್ಲಿ ಡಿ ಕಾರ್ಡ್, ಎರಡನೆಯ ಭಾಗದ ನಾಲ್ಕನೆಯ ಬಾರಿನಲ್ಲಿ ಎಫ್ ಬರುತ್ತದೆ. ಎರಡೂ ಭಾಗಗಳು ಕೊನೆಗೆ ಡಿಯ ಮೂಲಕ ಜಿಗೆ ಮರಳುತ್ತವೆ.

ಆರಂಭದ ಸ್ವರಗಳು ಪ ಧ ನಿ ಧ ಪ ಮ ಗ. ಕೇಪೊದಿಂದ ಎಣಿಸಿದರೆ 2ನೆಯ ತಂತಿಯ 3ನೆಯ ಫ್ರೆಟ್, ತೆರೆದ 1ನೆಯ ತಂತಿ, ಅದರ 1ನೆಯ ಫ್ರೆಟ್, ಮತ್ತೆ ತೆರೆದದ್ದು, ಬಳಿಕ 2ನೆಯ ತಂತಿಯ 3, 1 ಮತ್ತು ತೆರೆದದ್ದು. ಮೊದಲು ಇದನ್ನು ಬಾಯಲ್ಲಿ ಹಾಡಿ, ಆಮೇಲೆ ನುಡಿಸಿ. ಒಂದು ವಾರ ಇಷ್ಟೇ ಎಲುಬುಗಳು ಸಾಕು. ನಡುವೆ ಸ್ವರಗಳನ್ನು ತುಂಬುವುದು ಆಮೇಲಿನ ಕೆಲಸ. ತುಂಬುವಾಗ ಮಾತ್ರೆಯ ಮೇಲಿನ ಸ್ವರಕ್ಕೆ ಪಿಕ್ ಕೆಳಗೆ, ಅರ್ಧ ಮಾತ್ರೆಯ ಸ್ವರಕ್ಕೆ ಮೇಲೆ. ಸ್ವರವಿಲ್ಲದ ಕಡೆಯೂ ಕೈ ಆ ಲೆಕ್ಕದಲ್ಲೇ ತೂಗುತ್ತಿರಲಿ. ಎರಡು ಕೆಳಮುಖದ ಹೊಡೆತಗಳು ಅರ್ಧ ಮಾತ್ರೆಯಲ್ಲಿ ಒಟ್ಟಿಗೆ ಬಂದವೆಂದರೆ ಮುಂದೆ ವೇಗ ಏರುವುದಿಲ್ಲ.

ಭಾಗದ ಕೊನೆಯಲ್ಲಿ ಜಿ ಕಾರ್ಡಿನ ಮೇಲೆ ಬಾರು ಖಾಲಿಯಿದ್ದಾಗ, ಲೆಸ್ಟರ್ ಫ್ಲ್ಯಾಟ್‌ನಿಂದ ಪ್ರಸಿದ್ಧವಾದ ಜಿ-ರನ್ ಎಂಬ ಚಿಕ್ಕ ಸ್ವರಗುಚ್ಛವನ್ನು ಹಾಕಬಹುದು: 6ನೆಯ ತಂತಿಯ 3, ತೆರೆದ 5ನೆಯ ತಂತಿ, ಅದರ 1ರಿಂದ 2ಕ್ಕೆ ಎಡಗೈ ಬೆರಳಿನಿಂದಲೇ ಬಡಿತ, ತೆರೆದ 4ನೆಯ ತಂತಿ, ಅದರ 2, ತೆರೆದ 3ನೆಯ ತಂತಿ. ಗಾಂಧಾರಕ್ಕೆ ಕೋಮಲದಿಂದ ಏರುವುದನ್ನು ಬಿಟ್ಟರೆ ಇವು ಭೂಪ ರಾಗದ ಸ್ವರಗಳೇ. ಲೂಪಿನಲ್ಲಿ ಮಾತ್ರ ಇದನ್ನು ಮುದ್ರಿಸಬೇಡಿ. ಸುತ್ತು ಸುತ್ತಿಗೂ ಅದೇ ಬಂದು, ಹತ್ತು ನಿಮಿಷದಲ್ಲಿ ಮನೆಯವರು ಬಾಗಿಲು ಮುಚ್ಚಿಕೊಳ್ಳುತ್ತಾರೆ.

ಲೂಪಿನ ಧ್ವನಿ ರಾಗಕ್ಕಿಂತ ಸ್ಪಷ್ಟವಾಗಿ ಕೆಳಗಿರಲಿ. ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರುಗಳ ಒಣ ಗಾಳಿಗೆ ಗಿಟಾರಿನ ಮರ ಕುಗ್ಗಿ ಫ್ರೆಟ್‌ಗಳ ತುದಿ ಕೈಗೆ ತರಚತೊಡಗುತ್ತದೆ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜನ್ನು ಇಟ್ಟು, ಅದನ್ನು ಗಿಟಾರನ್ನಿಡುವ ಪೆಟ್ಟಿಗೆಯೊಳಗೆ ಇರಿಸಿ.

ಕೊನೆಯ ಹಂತ ಪರೀಕ್ಷೆ. ಲೂಪಿನ ಮೇಲೆ ರಾಗವನ್ನು ನಾಲ್ಕು ಸುತ್ತು ನುಡಿಸಿ. ಐದನೆಯ ಸುತ್ತಿನ ಆರಂಭದಲ್ಲಿ ಬೇರೊಬ್ಬರು ಲೂಪಿನ ಧ್ವನಿಯ ತಿರುಗುಗುಂಡಿಯನ್ನು ಪೂರ್ತಿ ಇಳಿಸಲಿ, ನೀವು ನಿಲ್ಲಿಸದೆ ನುಡಿಸುತ್ತಿರಿ, ಆರನೆಯ ಸುತ್ತಿಗೆ ಅವರು ಅದನ್ನು ಮತ್ತೆ ಏರಿಸಲಿ. ಧ್ವನಿ ಮರಳಿದಾಗ ಲೂಪಿನ ಸಮ ನಿಮ್ಮ ಸಮದ ಮೇಲೆಯೇ ಬಿದ್ದರೆ ಮೆಟ್ರೊನೋಮನ್ನು ಎರಡು ಅಂಕಿ ಏರಿಸಿ ಹೊಸ ಲೂಪ್ ಮಾಡಿಕೊಳ್ಳಿ. ಮೊದಮೊದಲು ಹೆಚ್ಚಿನವರು ಲೂಪಿಗಿಂತ ಅರ್ಧ ಮಾತ್ರೆ ಮುಂದೆ ಓಡಿರುತ್ತಾರೆ. ಹಾಗಾದರೆ ಮೆಟ್ರೊನೋಮನ್ನು 35ಕ್ಕೆ ಇಳಿಸಿ, ರಾಗವನ್ನು ಬಿಟ್ಟು, ಎರಡು ದಿನ ಬರಿಯ ಕಾರ್ಡ್‌ಗಳನ್ನೇ ನುಡಿಸಿ.