ಮೊದಲ ಫ್ಲ್ಯಾಟು: ಬಾಡಿಗೆ ಬಿಟ್ಟು ತಿಂಗಳಿಗೆ ಇನ್ನೆಷ್ಟು ಖರ್ಚು ಅಂತ ಲೆಕ್ಕ ಹಾಕೋದು ಹೇಗೆ

ಬಾಡಿಗೆ ಎಷ್ಟು ಅಂತ ಎಲ್ರೂ ಕೇಳ್ತಾರೆ, ಅದರ ಮೇಲೆ ಇನ್ನೆಷ್ಟು ಬೀಳುತ್ತೆ ಅಂತ ಕೇಳೋರು ಕಮ್ಮಿ. ನಾನೂ ಮೊದಲ ಸಲ ಮನೆ ಮಾಡ್ದಾಗ ಸಂಬಳದಲ್ಲಿ ಬಾಡಿಗೆ ಕಳೆದು ಉಳಿದಿದ್ದೆಲ್ಲ ಕೈಯಲ್ಲೇ ಇರುತ್ತೆ ಅಂದ್ಕೊಂಡಿದ್ದೆ, ಮೂರನೇ ತಿಂಗಳು ಕರೆಂಟು, ನೀರು, ಮೇಂಟೆನೆನ್ಸ್ ಮೂರೂ ಒಟ್ಟಿಗೆ ಬಂದಾಗ ತುಂಬಾ ಕಷ್ಟ ಆಯ್ತು. ನಿಮಗೆ ಹಾಗಾಗೋದು ಬೇಡ.

ಮೊದ್ಲು ಮಾಡ್ಬೇಕಾದ್ದು, ಆ ಮನೆಯ ಹಳೇ ಬಿಲ್‌ಗಳನ್ನ ಓನರ್ ಹತ್ರನೋ ಮುಂಚೆ ಇದ್ದೋರ ಹತ್ರನೋ ಕೇಳೋದು. ಒಂದೇ ತಿಂಗಳದ್ದು ಸಾಲಲ್ಲ, ಸಿಕ್ಕಿದ್ರೆ 12 ತಿಂಗಳದ್ದು, ಇಲ್ಲಾಂದ್ರೆ ಬೇಸಿಗೆದೊಂದು ಚಳಿಗಾಲದ್ದೊಂದು ಆದ್ರೂ ಇರ್ಲಿ. ಅದ್ರಲ್ಲಿ ದುಡ್ಡು ನೋಡೋಕಿಂತ ಯೂನಿಟ್ ಎಷ್ಟು ಅಂತ ನೋಡಿ, ಯಾಕಂದ್ರೆ ರೇಟ್ ಬದಲಾಗ್ತಾ ಇರುತ್ತೆ. ಎಷ್ಟು ಜನ ಇದ್ರು ಅಂತಾನೂ ಕೇಳಿ, ಒಬ್ರೇ ಇದ್ದ ಮನೆ ಬಿಲ್ ಇಟ್ಕೊಂಡು ಮೂರು ಜನಕ್ಕೆ ಲೆಕ್ಕ ಹಾಕಿದ್ರೆ ಕೂಡಿಬರಲ್ಲ.

ಹಳೇ ಬಿಲ್ ಸಿಗ್ಲಿಲ್ಲ ಅಂದ್ರೆ ಕರೆಂಟನ್ನ ನಾವೇ ಲೆಕ್ಕ ಹಾಕ್ಬೋದು, ಕಷ್ಟ ಏನಿಲ್ಲ. 1000 ವ್ಯಾಟ್‌ನ ವಸ್ತು ಒಂದು ಗಂಟೆ ಓಡಿದ್ರೆ 1 ಯೂನಿಟ್. ಅಂದ್ರೆ ವ್ಯಾಟ್ ಇಂಟು ದಿನಕ್ಕೆಷ್ಟು ಗಂಟೆ ಇಂಟು 30, ಬಂದಿದ್ದನ್ನ 1000ದಿಂದ ಭಾಗಿಸಿ. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ದಿನಾ 5 ಗಂಟೆ ಉರಿದ್ರೆ ತಿಂಗಳಿಗೆ 1.35 ಯೂನಿಟ್ ಅಷ್ಟೇ. ಅದೇ 15 ಲೀಟರ್ ನೀರನ್ನ ಇರೋದಕ್ಕಿಂತ 30 ಡಿಗ್ರಿ ಜಾಸ್ತಿ ಬಿಸಿ ಮಾಡೋಕೆ ಒಂದು ಸಲಕ್ಕೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು, ಇಬ್ರು ದಿನಾ ಒಂದೊಂದು ಸಲ ಅಷ್ಟು ಬಿಸಿನೀರು ಬಳಸಿದ್ರೆ ತಿಂಗಳಿಗೆ 31 ಯೂನಿಟ್ ದಾಟುತ್ತೆ! ಹಾಗಾಗಿ ಬಲ್ಬ್ ಎಣಿಸ್ತಾ ಕೂರ್ಬೇಡಿ, ಬಿಸಿ ಮಾಡೋ ವಸ್ತು, ತಂಪು ಮಾಡೋ ವಸ್ತು ಮೊದ್ಲು ಹಿಡೀರಿ, ಗೀಸರ್, ಹೀಟರ್, ಎಸಿ, ಇಸ್ತ್ರಿ ಪೆಟ್ಟಿಗೆ ಇವೇ ಬಿಲ್ ಏರಿಸೋದು. ಫ್ರಿಡ್ಜ್‌ಗೆ ಈ ಸೂತ್ರ ಹಾಕ್ಬೇಡಿ, ಅದರ ಕಂಪ್ರೆಸರ್ ಆನ್ ಆಫ್ ಆಗ್ತಾ ಇರುತ್ತೆ, ಲೇಬಲ್ ಮೇಲೆ ವರ್ಷದ ಯೂನಿಟ್ ಬರೆದಿದ್ರೆ ಅದನ್ನ 12ರಿಂದ ಭಾಗಿಸಿ ಸಾಕು.

ಯೂನಿಟ್ ಗೊತ್ತಾದ್ಮೇಲೆ ನಿಮ್ಮೂರಿನ ರೇಟ್ ಹಾಕಿ. ಬಹಳ ಕಡೆ ಒಂದೂ ಯೂನಿಟ್ ಬಳಸ್ದೇ ಇದ್ರೂ ಫಿಕ್ಸೆಡ್ ಚಾರ್ಜ್ ಅಂತ ಇರುತ್ತೆ, ಟ್ಯಾಕ್ಸ್ ಇರುತ್ತೆ, ಕೆಲವು ಕಡೆ ಬಳಕೆ ಏರಿದಂಗೆ ಯೂನಿಟ್ ರೇಟೂ ಏರುತ್ತೆ. ಇದನ್ನ ಮರ್ತ್ರೆ ಅಂದಾಜು ತಪ್ಪೋದು ಗ್ಯಾರಂಟಿ.

ನೀರಿಗೆ ಮೀಟರ್ ಇದ್ರೆ 1 ಕ್ಯೂಬಿಕ್ ಮೀಟರ್ ಅಂದ್ರೆ 1000 ಲೀಟರ್ ಅಂತ ನೆನಪಿಟ್ಕೊಳ್ಳಿ, ತಲೆಗೆ ದಿನಾ 100 ಲೀಟರ್ ಅಂತ ಹಿಡಿದ್ರೆ ಇಬ್ರಿಗೆ ತಿಂಗಳಿಗೆ 6 ಕ್ಯೂಬಿಕ್ ಮೀಟರ್. ಮೀಟರ್ ಇಲ್ದೇ ಎಲ್ಲಾ ಮನೆಗೂ ಸಮ ಹಂಚೋದಾದ್ರೆ ನಿಮ್ಮ ಉಳಿತಾಯ ಬಿಲ್‌ನಲ್ಲಿ ಅಷ್ಟಾಗಿ ಕಾಣಲ್ಲ, ಮುಂಚೇನೇ ಕೇಳ್ಕೊಳ್ಳಿ. ಮೇಂಟೆನೆನ್ಸ್‌ನಲ್ಲಿ ಏನೇನು ಸೇರಿದೆ ಅಂತಾನೂ ಬರೆಸ್ಕೊಳ್ಳಿ, ಬಾಯಿಮಾತು ಬೇಡ. ಇಂಟರ್ನೆಟ್, ಗ್ಯಾಸ್, ಫೋನ್ ಇವೆಲ್ಲ ಸುಲಭ.

ಇನ್ನು ವರ್ಷಕ್ಕೊಂದು ಸಲ ಬರೋ ಇನ್ಶೂರೆನ್ಸ್, ಸರ್ವಿಸಿಂಗ್ ಇಂಥದ್ದನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೇ ಸೇರಿಸಿ, ಎರಡು ತಿಂಗಳಿಗೊಮ್ಮೆ ಬರೋ ಬಿಲ್ಲನ್ನ ಅರ್ಧ ಮಾಡಿ. ಡೆಪಾಸಿಟ್, ಕನೆಕ್ಷನ್ ಚಾರ್ಜ್ ಒಂದೇ ಸಲದ್ದು, ಅದು ಬೇರೆ ಪಟ್ಟಿ. ಒಟ್ಟು ಬಂದಿದ್ದಕ್ಕೆ ನಾನು ನೂರಕ್ಕೆ 15 ಸೇರಿಸ್ತೀನಿ, ಮೊದಲ ವರ್ಷಕ್ಕೆ ಅಷ್ಟು ಬೇಕೇ ಬೇಕು ಅನ್ಸುತ್ತೆ.

ಕೀ ಕೈಗೆ ಬಂದ ದಿನ, ಸಾಮಾನು ಒಳಗಿಡೋಕೂ ಮುಂಚೆ, ಎಲ್ಲಾ ಮೀಟರ್‌ದು ತಾರೀಖು ಕಾಣೋ ಹಾಗೆ ಫೋಟೋ ತೆಗೆದು ಓನರ್‌ಗೆ ಕಳ್ಸಿ, ಇಲ್ಲಾಂದ್ರೆ ಹಿಂದಿನವ್ರ ಬಾಕಿ ಯೂನಿಟ್ ನಿಮ್ಮ ಬಿಲ್‌ಗೆ ಬರ್ಬೋದು. ಆಮೇಲೆ ವಾರಕ್ಕೊಂದು ಸಲ ರೀಡಿಂಗ್ ಬರೆದಿಡಿ, ನಾಲ್ಕು ವಾರ ಆದ್ರೆ ನಿಮ್ಮ ಅಂದಾಜು ಎಲ್ಲಿ ತಪ್ಪಿದೆ ಅಂತ ಬಿಲ್ ಬರೋಕೆ ಮುಂಚೇನೇ ಗೊತ್ತಾಗುತ್ತೆ.